ಗುಂಡಗುರ್ತಿಯ ಒಲೆಯ ಮೇಲೊಂದು ಕಾಬ್ಲರ್

ಪುಟ್ಟಿ,

ಪೀಚ್ ಕಾಬ್ಲರ್‌ಗೆ ಪ್ರೋಟೀನ್ ಪುಡಿ ಹಾಕಿದರೆ ರಬ್ಬರಿನಂತಾಗುತ್ತದೆ, ಹಾಕದಿದ್ದರೆ ಅದರಲ್ಲಿರೋದು ಬರೀ ಸಕ್ಕರೆ, ಬೆಣ್ಣೆ ಅಂತ ಗೊಣಗಿದ್ದೆಯಲ್ಲ, ಅದಕ್ಕೊಂದು ದಾರಿ ಇಲ್ಲಿ ಸಿಕ್ಕಿದೆ. ಆ ಪುಡಿಯ ಡಬ್ಬ ಯಾರಿಗಾದರೂ ಕೊಟ್ಟುಬಿಡು.

ನಾನೀಗ ಚಿತ್ತಾಪುರ ತಾಲ್ಲೂಕಿನ ಗುಂಡಗುರ್ತಿಯಲ್ಲಿದ್ದೇನೆ. ತೊಗರಿ ರಾಶಿಯ ಕಾಲ. ಎಳ್ಳಮಾವಾಸ್ಯೆ ಈಗಷ್ಟೇ ಮುಗಿದಿದೆ. ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಹಸಿಕಾಳಿನ ಭಜ್ಜಿ, ಶೇಂಗಾ ಹೋಳಿಗೆ ಉಂಡವರು ಮನೆಗೆ ಬಂದವರಿಗೂ ಅದನ್ನೇ ಬಡಿಸುತ್ತಿದ್ದಾರೆ. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಜಿಐ ಟ್ಯಾಗ್ ಬಂತಲ್ಲ, ಅದು ಈ ಎರೆಮಣ್ಣಿನ ಬೆಳೆಯೇ. ನೂರು ಗ್ರಾಂ ಬೇಳೆಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್. ಈ ಲೆಕ್ಕ ಇಲ್ಲಿ ಯಾರೂ ಹಾಕುವುದಿಲ್ಲ. ಬ್ಯಾಳಿ ಇಲ್ಲದ ಊಟ ಇವರಿಗೆ ಊಟವೇ ಅಲ್ಲ, ಅಷ್ಟೆ.

ನಿನ್ನ ಕಾಬ್ಲರ್ ವಿಷಯ ನಾನು ಉಳಿದುಕೊಂಡಿರುವ ಮನೆಯ ಅಕ್ಕನಿಗೆ ಹೇಳಿದೆ: ಹಣ್ಣು ಕೆಳಗೆ, ಹಿಟ್ಟು ಮೇಲೆ, ಒಂದು ಕಪ್ ಮೈದಾ, ಒಂದು ಕಪ್ ಸಕ್ಕರೆ, ನೂರು ಗ್ರಾಂ ದಾಟುವ ಬೆಣ್ಣೆ. ಅಕ್ಕ ಹುಬ್ಬೇರಿಸಿದರು. "ಅಷ್ಟು ಸಕ್ರಿ ಯಾಕ ಬೇಕ್ರಿ? ಹಣ್ಣ ಸಿಹಿ ಇರಂಗಿಲ್ಲೇನು? ಮೈದಾ ಬಿಡ್ರಿ, ಪುಟಾಣಿ ಹಿಟ್ಟು ಹಾಕೂಣು." ತೊಗರಿ ಯಾಕಲ್ಲ ಅಂದೆ. ಅದು ಬೇಯಬೇಕು, ಬಸಿಯಬೇಕು, ರುಬ್ಬಬೇಕು. ಹೂರಣಕ್ಕೆ ಸರಿ, ಅವಸರಕ್ಕಲ್ಲ. ಪುಟಾಣಿ ಅಂದರೆ ಹುರಿಗಡಲೆ, ಮೊದಲೇ ಹುರಿದದ್ದು, ಹಸಿ ವಾಸನೆಯ ಭಯವಿಲ್ಲ, ಬೇಗ ಆಗುತ್ತದೆ.

ಹಣ್ಣು ಪೇರಲ. ದೋರಗಾಯಿಗಿಂತ ತುಸು ಹಣ್ಣಾದ ನಾಲ್ಕು. ಬೀಜದ ತಿರುಳನ್ನು ಚಮಚದಲ್ಲಿ ತೆಗೆದು, ಉಳಿದದ್ದನ್ನು ದಪ್ಪ ಹೋಳು ಮಾಡಿ, ನಿಂಬೆ ಗಾತ್ರದ ಬೆಲ್ಲ, ಹೆರೆದ ಶುಂಠಿ, ಒಂದು ಚಿಟಿಕೆ ಉಪ್ಪು, ಅರ್ಧ ಬಟ್ಟಲು ನೀರಿನೊಂದಿಗೆ ದಪ್ಪ ತಳದ ಬೋಗುಣಿಯಲ್ಲಿ ಕುದಿಯಲಿಟ್ಟರು. ಅಷ್ಟರಲ್ಲಿ ಒಂದು ಬಟ್ಟಲು ಪುಟಾಣಿ ಹಿಟ್ಟು, ಎರಡು ಚಮಚ ಜೋಳದ ಹಿಟ್ಟು, ಬಟ್ಟೆಯಲ್ಲಿ ಕಟ್ಟಿ ನೀರು ಇಳಿಸಿದ ಮೊಸರು ಒಂದು ಬಟ್ಟಲು, ಒಂದು ಚಮಚ ತುಪ್ಪ, ಏಲಕ್ಕಿ, ಚಿಟಿಕೆ ಸೋಡಾ. ಪುಟಾಣಿ ಹಿಟ್ಟು ನೀರು ಕುಡಿಯುತ್ತದೆ. ಬಿಗಿಯಾದರೆ ಹಾಲು ಚಿಮುಕಿಸಬೇಕು. ಚಮಚದಿಂದ ತಾನಾಗಿಯೇ ಜಾರಿ ಬೀಳುವ ಹದ. ಹಣ್ಣು ಕುದಿಯುವಾಗಲೇ ಅಲ್ಲಲ್ಲಿ ಮುದ್ದೆಮುದ್ದೆಯಾಗಿ ಹಾಕಿ, ಮೇಲೆ ಹುರಿದ ಶೇಂಗಾ ಪುಡಿ ಉದುರಿಸಿ ಮುಚ್ಚಿದರು.

ಮೇಲ್ಭಾಗ ಕೆಂಪಾಗುವುದು ಹೇಗೆ, ಓವನ್ ಇಲ್ಲವಲ್ಲ? ಮುಚ್ಚಳದ ಮೇಲೆ ಕೆಂಡ! ಅಮೆರಿಕದ ಹಳಬರೂ ದಪ್ಪ ಕಬ್ಬಿಣದ ಪಾತ್ರೆಯ ಮುಚ್ಚಳದ ಮೇಲೆ ಕೆಂಡ ಹರಡಿಯೇ ಕಾಬ್ಲರ್ ಬೇಯಿಸುತ್ತಿದ್ದರು. ಅಕ್ಕನಿಗೆ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಒಲೆಯಲ್ಲಿದ್ದದ್ದು ತೊಗರಿ ಕಟ್ಟಿಗೆ, ಭಗ್ಗನೆ ಉರಿದು ಬೇಗ ಬೂದಿಯಾಗುತ್ತದೆ. ಅದಕ್ಕೇ ಜಾಲಿಯ ಎರಡು ಕೊರಡು ಸೇರಿಸಿದ್ದರು, ಅದರ ಕೆಂಡ ನಿಲ್ಲುತ್ತದೆ. ಕಾಲು ಗಂಟೆಯಲ್ಲಿ ಅಂಚು ಕಂದಾಗಿ, ಪೇರಲದ ರಸ ಮುದ್ದೆಗಳ ಸಂದಿಯಿಂದ ಗುಳುಗುಳು ಏಳುತ್ತಿತ್ತು. ಕೇಕಿನ ಹಾಗೆ ಉಬ್ಬುವುದಿಲ್ಲ, ಅದನ್ನು ಬಯಸಬೇಡ. ಪುಟಾಣಿಗೂ ಜೋಳಕ್ಕೂ ಮೈದಾದ ಜಿಗುಟಿಲ್ಲ, ಬಾಯಲ್ಲಿ ಪುಡಿಪುಡಿಯಾಗುತ್ತದೆ. ನನಗೆ ಅದೇ ಹೆಚ್ಚು ಹಿಡಿಸಿತು. ನಾಲ್ಕು ಪಾಲು ಮಾಡಿದರೆ ಪಾಲಿಗೆ ಹತ್ತು ಗ್ರಾಂ ಆಸುಪಾಸು ಪ್ರೋಟೀನ್ ಬರುತ್ತದೆ. ಹಿಟ್ಟಿಗೆ ಸಕ್ಕರೆ ಹಾಕಿಯೇ ಇಲ್ಲ.

ಮನೆಯ ಅಜ್ಜ ಒಂದು ತುತ್ತು ತಿಂದು, "ಇದು ಹೋಳಿಗೀನೂ ಅಲ್ಲ, ಪಾಯಸಾನೂ ಅಲ್ಲ" ಅಂದರು. ಬಟ್ಟಲು ಮಾತ್ರ ಮತ್ತೆ ಮುಂದೆ ಬಂತು.

ಮರುದಿನ ಮಳಖೇಡಕ್ಕೆ ಹೋಗಿದ್ದೆ. ಕಾಗಿಣಾ ದಂಡೆಯ ಕೋಟೆ, ನೇಮಿನಾಥ ಬಸದಿ, ಊರಾಚೆ ಸಿಮೆಂಟ್ ಕಾರ್ಖಾನೆಯ ಚಿಮಣಿ. ನಿಮ್ಮ ಅಟ್ಲಾಂಟಾದ ಕನ್ನಡ ಕೂಟಕ್ಕೆ ನೃಪತುಂಗನ ಹೆಸರಿಟ್ಟಿದ್ದೀರಲ್ಲ, ಅವನ ಮಾನ್ಯಖೇಟ ಇದೇ. ರಾಷ್ಟ್ರಕೂಟರ ರಾಜಧಾನಿಯಲ್ಲಿ ಈಗ ಅರ್ಧ ಗೋಡೆ, ಪೂರ್ತಿ ಧೂಳು. ಇನ್ನಷ್ಟು ಜತನ ಮಾಡಬಹುದಿತ್ತು ಅನ್ನಿಸದೆ ಇರಲಿಲ್ಲ.

ನಿನಗೆ ಅಲ್ಲಿ ಪೇರಲ ದುಬಾರಿಯಾದರೆ ಪೀಚೇ ಸಾಕು, ಜಾರ್ಜಿಯಾದಲ್ಲಿದ್ದು ಪೀಚ್‌ಗೆ ಬರವೇ? ಪಾಕದಲ್ಲಿ ಅದ್ದಿಟ್ಟ ಡಬ್ಬದ್ದು ಬೇಡ, ಫ್ರೀಜ್ ಮಾಡಿದ್ದು ತಗೋ, ಅದು ನೀರು ಬಿಡುವುದರಿಂದ ಬೇರೆ ನೀರು ಬೇಡ. ಕಟ್ಟಿದ ಮೊಸರಿನ ಬದಲು ಗ್ರೀಕ್ ಯೋಗರ್ಟ್. ಪುಟಾಣಿ ಇಂಡಿಯನ್ ಅಂಗಡಿಯಲ್ಲಿ ದಾಲಿಯಾ ಎಂಬ ಹೆಸರಲ್ಲಿ ಇರುತ್ತದೆ. ಗೋಧಿ ನುಚ್ಚಿಗೂ ಅದೇ ಹೆಸರು, ನೋಡಿ ತಗೋ. ಓವನ್ ಇದ್ದರೆ 190 ಡಿಗ್ರಿ ಸೆಲ್ಸಿಯಸ್, ಇಪ್ಪತ್ತೈದು ನಿಮಿಷ.

ಅಕ್ಕ ನಿನಗೆಂದು ಶೇಂಗಾ ಹಿಂಡಿ ಕಟ್ಟಿಕೊಟ್ಟಿದ್ದಾರೆ. ಮಾರ್ಚ್‌ನಲ್ಲಿ ಬರುವವರ ಕೈಲಿ ಕಳಿಸುತ್ತೇನೆ. ಮಕ್ಕಳಿಗೆ ಖಾರ, ನೋಡಿಕೊಂಡು ಕೊಡು.

ನಿನ್ನ ಅಕ್ಕ