ತಳ ಉಳಿಸುವ ಪೆಡಲ್

7 ಜೂನ್ 2025, ಶನಿವಾರ, ಮದುಕ್ಕರೈ

ನಮ್ಮ ತಂಡದ ಕೀಬೋರ್ಡಿನವನಿಗೆ ಹೊಸೂರಿನಲ್ಲಿ ಕೆಲಸ ಸಿಕ್ಕಿತು, ಹೊರಟ. ಉಳಿದಿದ್ದು ಗಿಟಾರ್, ಡ್ರಮ್ಸ್, ನನ್ನ ಬೇಸ್. ಇವತ್ತು ಪೋದನೂರಿನ ಕೋಣೆಯಲ್ಲಿ ಅಭ್ಯಾಸಕ್ಕೆ ಕೂತಾಗ ಹಾಡುಗಳೇ ತೆಳ್ಳಗೆ ಕೇಳಿಸಿದವು. ಗಿಟಾರಿನವನು ಸೋಲೋಗೆಂದು ಮೇಲೇರಿದ ಕೂಡಲೇ ನಡುವೆ ಏನೂ ಉಳಿಯುವುದಿಲ್ಲ. ಡ್ರಮ್ಸ್ ಹುಡುಗ ತಮಿಳಿನಲ್ಲಿ, "ಅಣ್ಣಾ, ಆ ಜಾಗ ನೀವೇ ತುಂಬಬೇಕು" ಅಂದ. ನಿಜ. ದಸರೆಗೆ ನಮ್ಮ ದೇವಾಂಗದವರ ಮಂಟಪದಲ್ಲಿ ನುಡಿಸುವುದಿದೆ. ಅಷ್ಟರೊಳಗೆ ಬೇಸಿನ ಸ್ವರವನ್ನು ಸೀಳಿ ದಪ್ಪವಾಗಿಸುವ ಎರಡು ಪೆಡಲ್, ಒಂದು ಓವರ್‌ಡ್ರೈವ್, ಒಂದು ಫಜ್ ಆರಿಸಿಕೊಳ್ಳಬೇಕು.

8 ಜೂನ್, ಭಾನುವಾರ

ಫಜ್ ಗಿಟಾರಿನ ಸೊತ್ತು, ಬೇಸ್‌ಗೆ ಅದು ಯಾಕೆ ಅಂತ ಕೇಳುವವರಿಗೆ ಮಾರ್ಟಿ ರಾಬಿನ್ಸ್‌ನ ‘ಡೋಂಟ್ ವರಿ’ ಕೇಳಿಸಬೇಕು. 1961ರಲ್ಲಿ ಬಂದ ಹಾಡು. ನ್ಯಾಶ್‌ವಿಲ್‌ನ ಸ್ಟುಡಿಯೋದಲ್ಲಿ ಗ್ರೇಡಿ ಮಾರ್ಟಿನ್ ಆರು ತಂತಿಯ ಬೇಸ್ ನುಡಿಸುತ್ತಿದ್ದಾಗ ಮಿಕ್ಸರಿನ ಒಂದು ಚಾನೆಲ್ ಕೆಟ್ಟು, ಸ್ವರ ಸೀಳಿ ಗೊರಗೊರ ಅನ್ನುತ್ತ ಹೊರಬಂತು. ಅದನ್ನು ಅಳಿಸದೆ ಹಾಗೇ ಉಳಿಸಿಕೊಂಡರು. ಎಂಜಿನಿಯರ್ ಗ್ಲೆನ್ ಸ್ನಾಡಿ ಮುಂದೆ ಅದೇ ಸದ್ದನ್ನು ಟ್ರಾನ್ಸಿಸ್ಟರುಗಳಿಂದ ಬರಿಸಿದರು. 1962ರಲ್ಲಿ ಅದು ಗಿಬ್ಸನ್ ಕಂಪನಿಯ ಮೇಸ್ಟ್ರೋ ಫಜ್-ಟೋನ್ ಆಗಿ ಅಂಗಡಿಗೆ ಬಂತು. ಆ ಪೆಡಲಿನ ಬೇರು ಇರುವುದೇ ಬೇಸಿನ ತಂತಿಯಲ್ಲಿ.

ಇನ್ನೊಂದು, ಬೀಟಲ್ಸ್‌ನ ‘ಥಿಂಕ್ ಫಾರ್ ಯುವರ್‌ಸೆಲ್ಫ್’, 1965. ಪಾಲ್ ಮೆಕಾರ್ಟ್ನಿ ಅದರಲ್ಲಿ ಎರಡು ಬೇಸ್ ನುಡಿಸಿದ್ದಾರೆ: ಒಂದು ಶುದ್ಧ, ಒಂದು ಫಜ್. ಫಜ್ ಮೇಲೆ ಹಾಡಿಕೊಂಡು ಹೋಗುತ್ತದೆ, ಶುದ್ಧ ಬೇಸ್ ಕೆಳಗಿನಿಂದ ಹೊರುತ್ತದೆ. ರಾತ್ರಿ ಹೆಡ್‌ಫೋನ್ ಹಾಕಿಕೊಂಡು ಮತ್ತೆ ಮತ್ತೆ ಕೇಳಿದೆ. ನನಗೆ ಬೇಕಾದ್ದು ಇದೇ.

12 ಜೂನ್, ಗುರುವಾರ

ಬೇಸಿನ ಇ ತಂತಿ ಸುಮಾರು 41 ಹರ್ಟ್ಸ್. ನನ್ನ ಐದು ತಂತಿಯ ಬೇಸಿನಲ್ಲಿ ಬಿ ಇನ್ನೂ ಕೆಳಗೆ, 31ರ ಹತ್ತಿರ. ಗಿಟಾರಿನ ಅತ್ಯಂತ ದಪ್ಪ ತಂತಿಯೇ 82. ಹಾಗಾಗಿ ಗಿಟಾರಿಗೆಂದು ಮಾಡಿದ ಪೆಡಲಿನಲ್ಲಿ ತಳವನ್ನು ಬೇಕೆಂದೇ ಇಳಿಸಿರುತ್ತಾರೆ. ಗಿಟಾರಿನ ಓವರ್‌ಡ್ರೈವ್ ಪೆಡಲಾದ ಟ್ಯೂಬ್ ಸ್ಕ್ರೀಮರ್‌ನಲ್ಲಿ ಸುಮಾರು 720 ಹರ್ಟ್ಸ್‌ನಿಂದ ಕೆಳಗೆ ಹೋದಷ್ಟೂ ಡ್ರೈವ್ ಕಡಿಮೆ. ಗಿಟಾರಿಗೆ ಅದು ಗುಣ, ಬೇಸ್‌ಗೆ ಕೊರತೆ.

ಸ್ವರದ ಅಲೆಯನ್ನು ಕತ್ತರಿಸುವ ಕ್ಲಿಪ್ಪಿಂಗ್‌ನದೂ ಒಂದು ಸ್ವಭಾವ ಇದೆ. ಓವರ್‌ಡ್ರೈವ್ ಅಲೆಯ ತಲೆಯನ್ನು ಮೆಲ್ಲಗೆ ದುಂಡಗೆ ಮಾಡುತ್ತದೆ, ಫಜ್ ಕತ್ತರಿಸಿ ಹೆಚ್ಚುಕಡಿಮೆ ಚೌಕವಾಗಿಸುತ್ತದೆ. ಮೇಲಿನ ಹಾರ್ಮೋನಿಕ್‌ಗಳು ಏಳುತ್ತವೆ, ಕಿವಿ ಅತ್ತ ಓಡುತ್ತದೆ. ಮೀಟಿನ ಪೆಟ್ಟು ಚಪ್ಪಟೆಯಾಗಿ, ಮೆಲ್ಲಗೆ ಮೀಟಿದರೂ ಜೋರಾಗಿ ಮೀಟಿದರೂ ಒಂದೇ ಮಟ್ಟದಲ್ಲಿ ಕೇಳುತ್ತದೆ. ಆಗ ಕಿಕ್ ಡ್ರಮ್ಮಿನ ಜೊತೆಗಿನ ಹಿಡಿತ ಸಡಿಲವಾಗುತ್ತದೆ. ಶುದ್ಧ ಸ್ವರವನ್ನು ಬೇರೆ ದಾರಿಯಲ್ಲಿ ತಂದು ಕೊನೆಯಲ್ಲಿ ಬೆರೆಸುವ ಬ್ಲೆಂಡ್ ನಾಬ್ ಇದ್ದರೆ ಪೆಟ್ಟೂ ಉಳಿಯುತ್ತದೆ, ತಳವೂ ಉಳಿಯುತ್ತದೆ.

ಇದನ್ನು ಬರೆಯುವಾಗ ವಾಳಯಾರ್ ಕಡೆಗೆ ರೈಲೊಂದು ನಿಧಾನವಾಗಿ ಹೋಯಿತು. ಆ ಹಳಿಗಳನ್ನು ಆನೆಗಳು ದಾಟುತ್ತವೆ. ಆನೆಯ ಗುಡುಗು 20 ಹರ್ಟ್ಸ್‌ಗಿಂತ ಕೆಳಗೂ ಇಳಿಯುತ್ತದೆ, ನಮ್ಮ ಕಿವಿಗೆ ಸಿಗುವುದಿಲ್ಲ. ನನ್ನ ಬಿ ತಂತಿಗಿಂತ ಆಳದ ಸ್ವರ ಈ ಕಾಡಂಚಿನಲ್ಲೇ ಓಡಾಡುತ್ತಿದೆ ಅಂದುಕೊಂಡರೆ ಮೈ ಜುಮ್ಮೆನ್ನುತ್ತದೆ.

15 ಜೂನ್, ಭಾನುವಾರ

ಸ್ನೇಹಿತರಿಂದ ಪೆಡಲ್‌ಗಳನ್ನು ಕೇಳಿ ತಂದೆ. ಬಾಸ್ ಕಂಪನಿಯ ಓಡಿಬಿ-3, 1994ರಿಂದ ಇರುವುದು. ಶುದ್ಧ ಸ್ವರ ಬೆರೆಸಲು ಅದರಲ್ಲಿ ಬ್ಯಾಲೆನ್ಸ್ ನಾಬ್ ಇದೆ. ಗೇನ್ ಅರ್ಧ ದಾಟಿದರೆ ಮೇಲೆ ಮರಳು ಉದುರಿದ ಹಾಗೆ ಸದ್ದು, ನನಗೆ ಹಿಡಿಸಲಿಲ್ಲ. ಫಿನ್‌ಲ್ಯಾಂಡಿನ ಡಾರ್ಕ್‌ಗ್ಲಾಸ್‌ನ ಬಿ3ಕೆ ದುಬಾರಿ, ಆದರೆ ಅದರ ಗ್ರಂಟ್ ಸ್ವಿಚ್ ಕ್ಲಿಪ್ಪಿಂಗ್‌ಗೆ ಎಷ್ಟು ತಳ ಹೋಗಬೇಕೆಂಬುದನ್ನು ನಮಗೇ ಬಿಡುತ್ತದೆ. ಬೆರಳು ಏನು ಹೇಳಿತೋ ಅದು ಹಾಗೇ ಕೇಳುತ್ತದೆ.

ಫಜ್‌ಗೆ ಎಲೆಕ್ಟ್ರೋ-ಹಾರ್ಮೋನಿಕ್ಸ್‌ನ ಬೇಸ್ ಬಿಗ್ ಮಫ್. ಮೆಟಾಲಿಕಾದ ಕ್ಲಿಫ್ ಬರ್ಟನ್ 1983ರಲ್ಲಿ ಬೇಸ್ ಸೋಲೋ ಸೀಳಿಸಿದ್ದು ಬಿಗ್ ಮಫ್‌ನಲ್ಲೇ. ಬೇಸ್‌ಗೆಂದು ಮಾಡಿದ ಈ ಮಫ್‌ನಲ್ಲಿ ಶುದ್ಧ ಸ್ವರ ಬೆರೆಸುವ ಡ್ರೈ ಸ್ವಿಚ್ ಇದೆ.

ಸಿರುಮುಗೈಯಿಂದ ಬಂದಿದ್ದ ಚಿಕ್ಕಪ್ಪ ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು. ಡ್ರೈ ಹಾಕಿ, ತೆಗೆದು ತೋರಿಸಿದೆ. "ಹಾಸು ಗಟ್ಟಿ ಇದ್ರೆ ತಾನೇ ಕಣೋ ಹೊಕ್ಕಿನ ಬಣ್ಣ ನಿಲ್ಲೋದು. ಮೊದಲಿಂದೇ ಇಟ್ಕೋ" ಅಂದರು. ನೇಯ್ದು ನೇಯ್ದು ಸವೆದ ಕೈಯವರ ಮಾತು. ನಾನು ಪುಟಗಟ್ಟಲೆ ಬರೆದುಕೊಂಡಿದ್ದೂ ಇಷ್ಟೇ.

22 ಜೂನ್, ಭಾನುವಾರ

ಇವತ್ತು ಪೋದನೂರಿನಲ್ಲಿ ಎಲ್ಲರ ಜೊತೆ ನುಡಿಸಿ ನೋಡಿದ್ದು. ಒಂಟಿಯಾಗಿ ಕೇಳಿದಾಗ ಮಫ್ ದೊಡ್ಡ ಗೋಡೆಯಂತಿತ್ತು. ಡ್ರಮ್ಸ್, ಗಿಟಾರ್ ಸೇರಿದ ಮೇಲೆ ಅರ್ಧ ಕರಗಿತು. ಬಿಗ್ ಮಫ್‌ನ ಟೋನ್ ಸರ್ಕ್ಯೂಟ್ ನಡುವಿನ ಸ್ವರಗಳನ್ನು ತಗ್ಗಿಸುತ್ತದೆ, ಗುಂಪಿನಲ್ಲಿ ಬೇಸ್ ಗುರುತು ಸಿಗುವುದು ಆ ನಡುವಿನಿಂದಲೇ. ಮಫ್‌ನ ಹಿಂದೆ ಬಿ3ಕೆ ಇಟ್ಟು, ಡ್ರೈವ್ ಕಡಿಮೆ ಮಾಡಿ, ಬ್ಲೆಂಡನ್ನು ಅರ್ಧಕ್ಕೆ ನಿಲ್ಲಿಸಿದೆ. ಗಿಟಾರ್ ಸೋಲೋಗೆ ಏರಿತು, ನಾನು ಮಫ್ ಒತ್ತಿದೆ, ಬರಿದಾಗಿದ್ದ ಜಾಗ ತುಂಬಿತು. ಡ್ರಮ್ಸ್ ಹುಡುಗ ನುಡಿಸುತ್ತಲೇ ನಕ್ಕ.

26 ಜೂನ್, ಗುರುವಾರ

ಹಳೆಯ ಮಾದರಿಯ ಜರ್ಮೇನಿಯಂ ಫಜ್ ಒಂದನ್ನು ಪರಿಚಯದವರೊಬ್ಬರು ಮಾರುತ್ತಿದ್ದಾರೆ. ಸದ್ದು ಮಧುರ, ಆಸೆಯೂ ಆಯಿತು. ಆದರೆ ಜರ್ಮೇನಿಯಂ ಟ್ರಾನ್ಸಿಸ್ಟರ್ ಬಿಸಿಯಾದಂತೆ ಸೋರಿಕೆ ಹೆಚ್ಚಿ ಸ್ವರ ಬದಲಾಗುತ್ತದೆ. ನಮ್ಮ ಏಪ್ರಿಲ್ ಬಿಸಿಲಿನ ಬಯಲು ವೇದಿಕೆಗೆ ಸಿಲಿಕಾನ್ ವಾಸಿ. ಆ ಹಳೆಯ ಫಜ್ ಪಾಸಿಟಿವ್ ಗ್ರೌಂಡ್ ಬೇರೆ, ಉಳಿದ ಪೆಡಲ್‌ಗಳ ಜೊತೆ ಒಂದೇ 9 ವೋಲ್ಟ್ ಸರಪಳಿ ತಂತಿಗೆ ಸೇರಿಸುವಂತಿಲ್ಲ. ಬೇಡವೆಂದೆ.

ಪಾಲಕ್ಕಾಡ್ ಕಣಿವೆಯ ಗಾಳಿ ಶುರುವಾಗಿದೆ. ಸುಣ್ಣಕಲ್ಲಿನ ಧೂಳು ಕಿಟಕಿ ಸಂದಿಯಿಂದಲೂ ನುಗ್ಗುತ್ತದೆ. ನಾಬ್‌ಗಳೊಳಗೆ ಹೋದರೆ ತಿರುಗಿಸಿದಾಗೆಲ್ಲ ಕರಕರ ಅನ್ನುತ್ತವೆ. ಪೆಡಲ್‌ಗಳಿಗೆ ಬಟ್ಟೆಯ ಚೀಲ ಹೊಲಿಸಬೇಕು.

29 ಜೂನ್, ಭಾನುವಾರ

ತೀರ್ಮಾನ ಆಯಿತು. ಬಿ3ಕೆಯನ್ನು ಅದನ್ನು ಕೊಟ್ಟ ಸ್ನೇಹಿತನಿಂದಲೇ ಕೊಳ್ಳುತ್ತೇನೆ, ಹಳೆಯದಾದ್ದರಿಂದ ಕೈಗೆಟಕುತ್ತದೆ. ಬೇಸ್ ಬಿಗ್ ಮಫ್ ಹೊಸದು. ದಸರೆಗೆ ‘ಗೀತಾ’ ಚಿತ್ರದ ಹಾಡು ಬೇಕೆಂದು ಮನೆಯವರೆಲ್ಲ ಕೇಳಿದ್ದಾರೆ. 1981ರಲ್ಲಿ ಇಳಯರಾಜ ಆ ಹಾಡುಗಳಲ್ಲಿ ಬೇಸನ್ನು ಕೊರಳಿನಂತೆ ಹಾಡಿಸಿದ್ದಾರೆ. ಅಲ್ಲಿ ಎರಡು ಪೆಡಲೂ ಆರಿರುತ್ತವೆ, ಬರಿ ಬೆರಳು ಸಾಕು. ನಮ್ಮ ಸ್ವಂತ ಹಾಡುಗಳಿಗೆ ಓವರ್‌ಡ್ರೈವ್ ಸದಾ ಇರುತ್ತದೆ, ಫಜ್ ಸೋಲೋಗಳಿಗೆ ಮಾತ್ರ. ಶುದ್ಧ ಸ್ವರ ಬೆರೆಸಲು ಬಿಡದ ಯಾವ ಪೆಡಲನ್ನೂ ಬೇಸ್‌ಗೆಂದು ಕೊಳ್ಳುವುದಿಲ್ಲ.