ಕಲ್ಲಿಗೆ ಬಡಿಯುವ ಕಡಲು

ಬಳ್ಳಾರಿ ಕಂಟೋನ್ಮೆಂಟಿನ ಹೆಣ್ಣುಮಕ್ಕಳಿಗೆ ಕಲ್ಲು ಹೊಸದಲ್ಲ. ಕೋಟೆಗುಡ್ಡದ ಬಂಡೆ, ಕುರುಗೋಡಿನ ಬೆಟ್ಟ ನೋಡುತ್ತಲೇ ಬೆಳೆದವರು ನಾವು. ಸಿರುಗುಪ್ಪದ ಕಡೆಯವರಿಗೆ ತುಂಗಭದ್ರೆಯ ನೀರೂ ಹೊಸದಲ್ಲ. ಆದರೆ ಕಲ್ಲು, ನೀರು ಎರಡೂ ಜಗಳಕ್ಕೆ ನಿಂತ ಜಾಗ ನೋಡಬೇಕೇ? ಗೋಕರ್ಣದ ಓಂ ಕಡಲತೀರಕ್ಕೆ ಒಮ್ಮೆ ಹೋಗಿ ಬನ್ನಿ.

ದಾರಿ ಕಷ್ಟದ್ದೇನಲ್ಲ. ರೈಲಿನಲ್ಲಿ ಹೊಸಪೇಟೆ, ಗದಗ ದಾಟಿ ಹುಬ್ಬಳ್ಳಿ. ಅಲ್ಲಿಂದ ಬಸ್ಸಿನಲ್ಲಿ ಯಲ್ಲಾಪುರ, ಅರಬೈಲ್ ಘಟ್ಟ, ಅಂಕೋಲಾ, ಗೋಕರ್ಣ. ಘಟ್ಟದ ತಿರುವಿನಲ್ಲಿ ಮಕ್ಕಳಿಗೆ ಹೊಟ್ಟೆ ತೊಳಸೀತು, ನಿಂಬೆಹಣ್ಣು ಕೈಲಿರಲಿ. ಬುತ್ತಿಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಇದ್ದರೆ ಎರಡು ದಿನ ಚಿಂತೆಯಿಲ್ಲ.

ಮಹಾಬಲೇಶ್ವರನ ದರ್ಶನ ಮುಗಿಸಿ ಆಟೋ ಹಿಡಿದರೆ ಗುಡ್ಡದ ಮೇಲೆ ಇಳಿಸುತ್ತಾರೆ. ಮೆಟ್ಟಿಲಿಳಿಯುವ ಮೊದಲು ಒಂದು ಗಳಿಗೆ ಅಲ್ಲೇ ನಿಲ್ಲಿ. ಅರ್ಧಚಂದ್ರದಂಥ ಎರಡು ಮರಳದಂಡೆ, ನಡುವೆ ಕಡಲಿಗೆ ಚಾಚಿದ ಕರಿಬಂಡೆ. ಯಾರೋ ಓಂಕಾರ ಬರೆದಿಟ್ಟ ಹಾಗೆ! ಅಲೆ ಬಂದು ಬಂಡೆಗೆ ಬಡಿದರೆ ಬೆಳ್ಳನೆಯ ನೊರೆ ಆಳೆತ್ತರ ಚಿಮ್ಮುತ್ತದೆ.

ಇಲ್ಲೇ ಒಂದು ಕಿವಿಮಾತು. ಒಣಬಂಡೆ ಹತ್ತಿ ರೂಢಿಯಾದ ಕಾಲು ನಮ್ಮದು. ಕಡಲಿನ ಬಂಡೆಗೆ ಪಾಚಿ ಹಿಡಿದಿರುತ್ತದೆ, ಫೋಟೋ ಆಸೆಗೆ ತುದಿಗೆ ಹೋಗಬೇಡಿ. ಸಣ್ಣ ಅಲೆಗಳ ಹಿಂದೆಯೇ ಹೇಳದೆ ಕೇಳದೆ ದೊಡ್ಡದೊಂದು ಬಂದುಬಿಡುತ್ತದೆ. ಗೋಕರ್ಣದಲ್ಲಿ ಪ್ರವಾಸಿಗರು ನೀರುಪಾಲಾದ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಓದುತ್ತೇವಲ್ಲ! ಹೊಳೆಯ ಹಾಗಲ್ಲ ಕಡಲು. ದಡಕ್ಕೆ ಬಂದ ನೀರು ಹಿಂದಕ್ಕೆ ಹೋಗುವಾಗ ಮನುಷ್ಯರನ್ನೂ ಸೆಳೆದೊಯ್ಯುತ್ತದೆ. ಈಜು ಬಲ್ಲವರು ಸೆಳೆತಕ್ಕೆ ಸಿಕ್ಕರೂ ಅದಕ್ಕೆದುರಾಗಿ ಈಜಬಾರದು. ದಡದುದ್ದಕ್ಕೆ ಪಕ್ಕಕ್ಕೆ ಈಜಿ ತಪ್ಪಿಸಿಕೊಳ್ಳಬೇಕು. ನೆನೆದ ಸೀರೆ ಕಾಲಿಗೆ ಸುತ್ತಿಕೊಳ್ಳುವುದರಿಂದ ನಮಗೆ ಪಾದ ನೆನೆಯುವಷ್ಟು ನೀರೇ ಸಾಕು. ಮಕ್ಕಳ ಕೈ ಬಿಡಬೇಡಿ.

ಹೊರಡುವ ಮೊದಲು ಪಂಚಾಂಗ ನೋಡಿ. ಕಡಲು ದಿನಕ್ಕೆ ಎರಡು ಸಲ ಏರಿ, ಎರಡು ಸಲ ಇಳಿಯುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಏರಿಕೆ ಜಾಸ್ತಿ. ಬೆಳಿಗ್ಗೆ ಕೂತೆದ್ದ ಬಂಡೆ ಆರು ತಾಸಿನಲ್ಲಿ ನೀರೊಳಗಿದ್ದೀತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗಾಲ, ಆಗ ಬೇಡವೇ ಬೇಡ. ನವೆಂಬರ್‌ನಿಂದ ಫೆಬ್ರವರಿ ಹಿತ.

"ನೀರು ನೋಡಾಕ ಅಷ್ಟು ದೂರ ಯಾಕ?" ಅಂತ ಮನೆಯವರು ಅಂದಾರು. ಅನ್ನಲಿ ಬಿಡಿ! ತಿಂಗಳ ಖರ್ಚಿನಲ್ಲಿ ಅಷ್ಟಿಷ್ಟು ಉಳಿಸಿ, ಅವರನ್ನೂ ಹೊರಡಿಸಿ. ಸಂಜೆ ಸೂರ್ಯ ಮುಳುಗುವುದನ್ನು ಮರಳ ಮೇಲೆ ಕೂತು ನೋಡಿ, ಕತ್ತಲಾಗುವ ಮುಂಚೆ ಮೆಟ್ಟಿಲು ಹತ್ತಿಬಿಡಿ.