ಬ್ಯಾಡ ಮತ್ತು ಬ್ಯಾಡ್

ನಮ್ಮ ಕಡೆ 'ಬೇಡ' ಅನ್ನೋದಿಲ್ಲ, 'ಬ್ಯಾಡ' ಅಂತೀವಿ. 'ಮೇಲೆ' ಅಲ್ಲ, 'ಮ್ಯಾಲ'. ಮನೆ 'ಮನಿ' ಆಗುತ್ತೆ, ಎಲೆ 'ಎಲಿ' ಆಗುತ್ತೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ... ಯಾವ ಊರ ಸಂತೆಯಲ್ಲಿ ನಿಂತರೂ ಕಿವಿಗೆ ಬೀಳೋದು ಇದೇ. ಬರೆಯೋವಾಗ ಮಾತ್ರ ಎಲ್ಲರದೂ ಪುಸ್ತಕದ ಕನ್ನಡ (ನಾನೂ ಈಗ ಅದನ್ನೇ ಬರೀತಿದೀನಿ ನೋಡಿ!).

2003ರ ಮಾತು. ನಮ್ಮ ಜಿಲ್ಲೆಗೆ ಆಗಿನ್ನೂ ಬಿಜಾಪುರ ಅಂತಲೇ ಹೆಸರು, ವಿಜಯಪುರ ಆಗಿದ್ದು 2014ರಲ್ಲಿ. ಪಿಯುಸಿಗೆ ಅಂತ ಬೆಂಗಳೂರಿಗೆ ಬಂದು ಹಾಸ್ಟೆಲ್ಲಿನ ಒಂದೇ ರೂಮಿಗೆ ಬಿದ್ದ ನಾಲ್ವರು ನಾವು. ನಾನು ಇಂಡಿ, ಉಳಿದವರದು ಮೇಲೆ ಹೇಳಿದ ಒಂದೊಂದು ತಾಲೂಕು. ಹೆಸರು ಯಾಕೆ, ಊರಿಂದಲೇ ಕರೀತೀನಿ. "ಮನಿಗೆ ಹೋಗ್ತೀನಿ" ಅಂದ್ರೆ ಸಾಕು, "ಎಷ್ಟು ಮನಿ ಇದೆ ಗುರೂ?" ಅಂತ ಕಿಚಾಯಿಸೋರು. 'ಬ್ಯಾ' ಅನ್ನೋದು ಹಳ್ಳಿಯವರ ಸ್ವರ ಅಂತ ಒಂದೇ ತಿಂಗಳಲ್ಲಿ ತಲೆಯಲ್ಲಿ ಕೂತುಬಿಡ್ತು.

ಆಮೇಲೆ ಇಂಗ್ಲೀಷ್ ಪೀರಿಯಡ್ಡು. ಬಾಗೇವಾಡಿ ಎದ್ದು ನಿಂತು ಪಾಠ ಓದಿದ. 'ಎ ಬ್ಯಾಡ್ ಮ್ಯಾನ್' ಅನ್ನೋದನ್ನ, ಪಾಪ, ಭಾರೀ ನಾಜೂಕಾಗಿ 'ಎ ಬೆಡ್ ಮೆನ್' ಅಂದ! ಕ್ಲಾಸು ಬಿದ್ದು ಬಿದ್ದು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ನಾನೂ ಅವನ ಕಡೆಯವನೇ ಅಂತ ಗೊತ್ತಾಗಬಾರದಿತ್ತಲ್ಲ... ವರ್ಷ ಪೂರ್ತಿ ಅವನು ಆ ಪೀರಿಯಡ್ಡಿನಲ್ಲಿ ಮತ್ತೆ ಬಾಯಿ ಬಿಡಲಿಲ್ಲ.

ತಮಾಷೆ ಏನು ಗೊತ್ತಾ? ಆ ಇಂಗ್ಲೀಷ್ ಸ್ವರ ನಮಗೆ ಮನೆಯಲ್ಲೇ ಬಂದಿತ್ತು ಕಣ್ರೀ. ನಮ್ಮವ್ವ 'ಬ್ಯಾಡ' ಅನ್ನುವಾಗ ಬರೋದು ಹೆಚ್ಚುಕಮ್ಮಿ ಅದೇ. ಕನ್ನಡದಲ್ಲಿ ಅದಕ್ಕೆ ಬೇರೆ ಅಕ್ಷರವಿಲ್ಲ, ಯ ಒತ್ತು ಕೊಟ್ಟು ದೀರ್ಘ ಎಳೆದು ಸುಧಾರಿಸ್ತೀವಿ. ಇಂಡಿ ದಾಟಿ ಸೊಲ್ಲಾಪುರದ ಕಡೆ ಹೋದರೆ ಮರಾಠಿಯವರು ಅಕ್ಷರದ ತಲೆ ಮೇಲೊಂದು ಅರ್ಧಚಂದ್ರ ಇಟ್ಟು ಬರೀತಾರೆ. ಬಾಗೇವಾಡಿ ಕನ್ನಡದಿಂದ 'ಬ್ಯಾ' ಕಿತ್ತೆಸೆಯೋ ಭರದಲ್ಲಿ ಇಂಗ್ಲೀಷಿನಿಂದಲೂ ಕಿತ್ತಿದ್ದ, ಅಷ್ಟೇ.

ವಿಲಿಯಂ ಲಬೋವ್ ಅನ್ನೋ ಭಾಷಾವಿಜ್ಞಾನಿ ಅಮೆರಿಕದ ಮಾರ್ಥಾಸ್ ವಿನ್‌ಯಾರ್ಡ್ ದ್ವೀಪದ ಜನರ ಸ್ವರಗಳ ಬಗ್ಗೆ 1963ರಲ್ಲಿ ಬರೆದಿದ್ದರು. ಊರಲ್ಲೇ ಇರಬೇಕು ಅಂದುಕೊಂಡವರ ಬಾಯಲ್ಲಿ ದ್ವೀಪದ ಸ್ವರ ಗಟ್ಟಿ, ಬಿಟ್ಟು ಹೋಗೋ ಮನಸ್ಸಿನವರಲ್ಲಿ ಕಮ್ಮಿ. ಹೈಸ್ಕೂಲ್ ಹುಡುಗರಲ್ಲೂ ಅದೇ ಕಥೆ. ಅದನ್ನು ಓದಿದಾಗ ನಮ್ಮ ರೂಮೇ ಕಣ್ಣಮುಂದೆ ಬಂತು. ಅಪ್ಪನ ಅಂಗಡಿಗೇ ವಾಪಸ್ ಹೋಗೋದು ಅಂತಿದ್ದ ಮುದ್ದೇಬಿಹಾಳ ಒಂದು ಸ್ವರವನ್ನೂ ಬದಲಿಸಲಿಲ್ಲ. ಸಿಂದಗಿ ಜಾಣ, ಕ್ಲಾಸಿಗೊಂದು ರೂಮಿಗೊಂದು ಇಟ್ಟುಕೊಂಡ. ನಾನು ಮಾತ್ರ ಎಸ್‌ಟಿಡಿ ಬೂತಿನಿಂದ ಅವ್ವನಿಗೆ ಫೋನ್ ಮಾಡಿದಾಗಲೂ "ದುಡ್ಡು ಬೇಡಮ್ಮ" ಅಂದುಬಿಟ್ಟೆ. ಆ ಕಡೆ ಒಂದು ಗಳಿಗೆ ಸುಮ್ಮನಾಗಿ, "ಯಾರ್ರೀ ಮಾತಾಡೂದು?" ಅಂದಳು.

ಹೋದ ವರ್ಷ ಬಾಗೇವಾಡಿಯ ಮನೆಗೆ ಹೋಗಿದ್ದೆ. "ಅವತ್ತ ಕ್ಲಾಸಿನ್ಯಾಗ ನಾನೂ ನಕ್ಕಿದ್ದೆ ಲೇ" ಅಂದೆ. "ಗೊತ್ತೈತಿ" ಅಂದ. ಮತ್ತೇನೂ ಹೇಳಲಿಲ್ಲ. ಅಷ್ಟರಲ್ಲಿ ಇಂಗ್ಲೀಷ್ ಮೀಡಿಯಂನಲ್ಲಿ ಓದೋ ಅವನ ಮಗಳು ಒಳಗಿಂದ "ಪಪ್ಪಾ, ನನಗ ಚಾ ಬ್ಯಾಡ" ಅಂತ ಕೂಗಿದಳು.

"ಕೇಳಿದೇನ? ಅದಕ್ಕ ಇಕಿ ಇಂಗ್ಲೀಷ್ ಚಲೋ ಓದತಾಳ" ಅಂದು ಜೋರಾಗಿ ನಕ್ಕ. ಈ ಸಲ ಜೊತೆಗೆ ನಗಬೇಕೋ ಬೇಡವೋ ನನಗೆ ತಿಳಿಯಲಿಲ್ಲ.